ಕಳೆಗುಂದಿದ ಪಟ್ಟಣಗಳು: ಕೇರೊ, ಕುಮಟೆ, ಗೇರುಸೊಪ್ಪೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನೋಡುವುದಕ್ಕೂ ವಾಸಿಸುವುದಕ್ಕೂ ಅತ್ಯಂತ ಮಂಕಾದ ಪಟ್ಟಣಗಳು ಯಾವುವೆಂಬ ಪ್ರಶ್ನೆಯನ್ನು ಆ ದೇಶದವರೇ ಆಗಾಗ ಚರ್ಚಿಸುವುದುಂಟು. ಡೆಟ್ರಾಯಿಟ್, ಗ್ಯಾರಿ, ಕೇರೊ ಎಂಬ ಹೆಸರುಗಳು ಅಲ್ಲಿ ಸಾಮಾನ್ಯವಾಗಿ ಕೇಳಿಬರುತ್ತವೆ. ಡೆಟ್ರಾಯಿಟಿನ ಜನಸಂಖ್ಯೆ 1950ರಲ್ಲಿ 18,49,568 ಇದ್ದುದು 2020ರಲ್ಲಿ 6,39,111ಕ್ಕೆ ಇಳಿಯಿತು. ಉಕ್ಕಿನ ಕಾರ್ಖಾನೆಗಾಗಿಯೇ 1906ರಲ್ಲಿ ಹುಟ್ಟಿದ ಗ್ಯಾರಿಯ ಕಥೆಯೂ ಇದೇ. ಇಂತಹ ಪಟ್ಟಿಗಳಿಂದ ಚರಿತ್ರೆಯ ವಿದ್ಯಾರ್ಥಿಗೆ ವಿಶೇಷ ಪ್ರಯೋಜನವಿಲ್ಲ. ಊರೊಂದು ಏಕೆ ಕಳೆಗುಂದುತ್ತದೆಂಬ ವಿಚಾರವು ಮಾತ್ರ ಪ್ರಯೋಜನಕಾರಿಯಾದುದು. ಅದಕ್ಕೆ ನಾವು ಸಮುದ್ರ ದಾಟಬೇಕಾಗಿಲ್ಲ.

ಆದರೂ ಕೇರೊವಿನಿಂದಲೇ ಆರಂಭಿಸುವುದು ಯುಕ್ತ. ಇಲಿನಾಯ್ ಸಂಸ್ಥಾನದ ದಕ್ಷಿಣ ತುದಿಯಲ್ಲಿ, ಒಹಾಯೊ ಮತ್ತು ಮಿಸಿಸಿಪಿ ನದಿಗಳ ಸಂಗಮದಲ್ಲಿರುವ ಈ ಪಟ್ಟಣಕ್ಕೆ ಈಜಿಪ್ಟಿನ ರಾಜಧಾನಿಯ ಹೆಸರಿಟ್ಟರು. ಉಚ್ಚಾರಣೆಯನ್ನು ಮಾತ್ರ ತಮ್ಮದೇ ಮಾಡಿಕೊಂಡರು. ನದಿಯ ಹಡಗುಗಳೂ ರೈಲುಗಳೂ ಸಂಧಿಸುವ ಸ್ಥಳವಾದುದರಿಂದ ಸರಕು ಇಲ್ಲಿ ಇಳಿದು ಏರಬೇಕಾಗಿತ್ತು. 1861ರಲ್ಲಿ ಅಂತರ್ಯುದ್ಧ ಆರಂಭವಾದಾಗ ಸೇನಾನಿ ಗ್ರಾಂಟನು ಇಲ್ಲಿಯೇ ಬೀಡುಬಿಟ್ಟನು. 1889ರಲ್ಲಿ ಒಹಾಯೊ ನದಿಗೆ ರೈಲು ಸೇತುವೆಯಾಗಲು, ಬಂಡಿಗಳನ್ನು ದೋಣಿಯಲ್ಲಿ ದಾಟಿಸುವ ಕೆಲಸ ನಿಂತಿತು. ಕುಸಿತವು ಒಡನೆಯೇ ಕಾಣಿಸಲಿಲ್ಲ: 1920ರಲ್ಲಿ 15,203 ಜನರಿದ್ದರು. ಮುಂದೆ ವರ್ಣದ್ವೇಷವೂ ಅದರೊಡನೆ ಸೇರಿತು. 1969ರಿಂದ ಕರಿಯರು ಬಿಳಿಯರ ಅಂಗಡಿಗಳನ್ನು ಬಹಿಷ್ಕರಿಸಿದರು. ಕರಿಯರಿಗೆ ಕೆಲಸ ಕೊಡುವುದಕ್ಕಿಂತ ಅಂಗಡಿ ಮುಚ್ಚುವುದೇ ಮೇಲೆಂದು ಹಲವು ವರ್ತಕರು ಬಗೆದರು. 2020ರ ಗಣತಿಯಲ್ಲಿ ಉಳಿದವರು 1,733 ಜನ.

ಇನ್ನು ಕುಮಟೆ. ಕೇರೊವಿಗೆ ಸೈನ್ಯವನ್ನು ತಂದ ಯುದ್ಧವೇ ಕುಮಟೆಗೆ ಹಣವನ್ನು ತಂದಿತೆಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಎದ್ದು ಕಾಣದ ಸಂಗತಿ. ಧಾರವಾಡ ಸೀಮೆಯ ಹತ್ತಿಯು ಎತ್ತುಗಳ ಮೇಲೆಯೂ ಗಾಡಿಗಳಲ್ಲಿಯೂ ಘಟ್ಟವಿಳಿದು ಕುಮಟೆಗೆ ಬಂದು, ಅಲ್ಲಿಂದ ಪತ್ತೇಮಾರಿಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಕುಮಟೆಯಲ್ಲಿ ಬೆಳೆಯದ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರು ನಿಂತುದು ಈ ಕಾರಣದಿಂದಲೇ. 1861ರಿಂದ 1865ರವರೆಗೆ ಅಮೆರಿಕಾದ ದಕ್ಷಿಣದ ರೇವುಗಳಿಗೆ ದಿಗ್ಬಂಧನವಾಗಿ, ಲ್ಯಾಂಕಶೈರಿನ ಗಿರಣಿಗಳು ಹಿಂದೂಸ್ಥಾನದ ಹತ್ತಿಗೆ ಕೈಚಾಚಿದವು, ಬೆಲೆ ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದ್ದರ ಹಿಂದೆಯೂ ಹತ್ತಿ ವ್ಯಾಪಾರದ ಒತ್ತಾಯವಿತ್ತು. ಯುದ್ಧ ಮುಗಿದೊಡನೆ ಬೆಲೆ ಇಳಿಯಿತು. ನಿಜವಾದ ಪೆಟ್ಟು ಬಿದ್ದುದು 1880ರ ದಶಕದಲ್ಲಿ. ಹುಬ್ಬಳ್ಳಿ-ಧಾರವಾಡಗಳಿಗೆ ರೈಲು ಬಂದು, ಮರ್ಮಗೋವೆಯ ದಾರಿ ತೆರೆದ ಮೇಲೆ ಹತ್ತಿಯು ಘಟ್ಟವಿಳಿದು ಕುಮಟೆಗೆ ಬರಬೇಕಾದ ಅಗತ್ಯವೇ ಉಳಿಯಲಿಲ್ಲ. ಕೇರೊವಿನಂತೆ ಇಲ್ಲಿಯೂ ಸರಕು ನಾಶವಾಗಲಿಲ್ಲ, ತಂಗುವುದನ್ನು ಬಿಟ್ಟಿತು. ಅದು ತಂಗಿದಲ್ಲಿ ಹಮಾಲ, ತೂಕದವ, ದಲಾಲ, ಹಾಯಿ ಹೊಲಿಯುವವ, ಖಾನಾವಳಿಯವ ಇವರೆಲ್ಲರ ಅನ್ನವಿತ್ತು. 1998ರಲ್ಲಿ ಕೊಂಕಣ ರೈಲು ಕುಮಟೆ, ಹೊನ್ನಾವರ, ಭಟ್ಕಳಗಳಿಗೆ ನಿಲ್ದಾಣಗಳನ್ನು ಕೊಟ್ಟಿತು. ಹಳೆಯ ಬಂದರಿನ ವ್ಯಾಪಾರವನ್ನು ಮರಳಿ ಕೊಡಲಿಲ್ಲ.

ಗೇರುಸೊಪ್ಪೆಯ ಪತನಕ್ಕೆ ಕಾರಣ ಬೇರೆ. ಶರಾವತಿಯಲ್ಲಿ ಹೊನ್ನಾವರದಿಂದ ದೋಣಿಗಳು ಏರಿಬರುತ್ತಿದ್ದುದು ಇಲ್ಲಿಯವರೆಗೆ. ಘಟ್ಟದ ಮೆಣಸು ನೀರಿಗಿಳಿಯುತ್ತಿದ್ದುದೂ ಇಲ್ಲಿಯೇ. ಪೋರ್ತುಗೀಜರು ‘ಮೆಣಸಿನ ರಾಣಿ’ ಎಂದು ಕರೆದ ಚೆನ್ನಭೈರಾದೇವಿಯ ರಾಜ್ಯವು 17ನೆಯ ಶತಮಾನದ ಆದಿಯಲ್ಲಿ ಇಕ್ಕೇರಿಯ ವೆಂಕಟಪ್ಪನಾಯಕನ ವಶವಾಯಿತು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು 1623ರಲ್ಲಿ ಇಲ್ಲಿಗೆ ಬಂದಾಗ ಅರಮನೆ ಪಾಳುಬಿದ್ದು ಮರಗಳು ಬೆಳೆದಿದ್ದವು. ಅದೇ ಪ್ರಯಾಣದಲ್ಲಿ ಅವನು ಶರಾವತಿಯ ಚೆಲುವನ್ನು ಮನಸಾರೆ ಹೊಗಳಿದ್ದಾನೆ! ಮಂಕು ಕವಿದದ್ದು ಸ್ಥಳಕ್ಕಲ್ಲ, ಸ್ಥಳದ ಕಸುಬಿಗೆ ಎಂಬುದಕ್ಕೆ ಇದಕ್ಕಿಂತ ಉತ್ತಮ ಸಾಕ್ಷ್ಯ ಬೇಡ. ಇಂದಿಗೂ ಕಾಡಿನ ನಡುವೆ ನಿಂತಿರುವ ಚತುರ್ಮುಖ ಬಸದಿಯನ್ನು ನೋಡಿದವರಿಗೆ ಅಲ್ಲೊಂದು ನಗರವಿತ್ತೆಂದು ಹೇಳಿಯೇ ತಿಳಿಸಬೇಕಾಗುತ್ತದೆ.

ಭಟ್ಕಳವನ್ನು ಈ ಸಾಲಿಗೆ ಸೇರಿಸುವಾಗ ಎಚ್ಚರ ಬೇಕು. ವಿಜಯನಗರಕ್ಕೆ ಕುದುರೆಗಳನ್ನು ಇಳಿಸಿದ ಈ ರೇವನ್ನು 1542ರಲ್ಲಿ ಪೋರ್ತುಗೀಜರು ಸುಲಿದರು; 1565ರ ಯುದ್ಧದ ತರುವಾಯ ಕುದುರೆ ಕೊಳ್ಳುವ ದೊರೆಯೇ ಇಲ್ಲವಾದನು. ಆದರೆ ಊರು ಬರಿದಾಗಲಿಲ್ಲ. ಇಲ್ಲಿಯ ನವಾಯತರು ದೂರದ ಪೇಟೆಗಳಲ್ಲಿ ವ್ಯಾಪಾರಕ್ಕೆ ನಿಂತರು, ಅನಂತರ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದರು; ಆ ದುಡಿಮೆ ಊರಿನಲ್ಲಿ ಮನೆಗಳಾಗಿ, ಶಾಲೆಗಳಾಗಿ ನಿಂತಿದೆ. ಸಂಪಾದಿಸುವವರಲ್ಲಿ ಅನೇಕರು ಊರಲ್ಲಿಲ್ಲ; ಊರು ಮಾತ್ರ ಇದೆ. ಇದನ್ನು ಏಳಿಗೆ ಎನ್ನಬೇಕೋ ಬೇರೆ ಬಗೆಯ ಬರಿದಾಗುವಿಕೆ ಎನ್ನಬೇಕೋ ಎಂಬುದನ್ನು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳೇ ಪರಿಶೀಲಿಸಬಹುದು. ಪದವಿ ಮುಗಿದೊಡನೆ ಮಂಗಳೂರು, ಬೆಂಗಳೂರುಗಳಿಗೆ ಹೊರಡುವವರಲ್ಲಿ ಅವರೂ ಇದ್ದಾರೆ.

ಹೊನ್ನಾವರದಲ್ಲಿ ಈ ಪ್ರಶ್ನೆ ಇನ್ನೂ ಜೀವಂತವಾಗಿದೆ. 14ನೆಯ ಶತಮಾನದಲ್ಲಿ ಇಬ್ನ್ ಬತೂತನು ಇಲ್ಲಿ ಬಾಲಕಿಯರ 13, ಬಾಲಕರ 23 ಶಾಲೆಗಳನ್ನು ಕಂಡನು. ಅಂದಿನ ಬಂದರಿನ ಸಂಪತ್ತಿಗೆ ಅದೇ ಅಳತೆಗೋಲು. ಶರಾವತಿಯ ಆಚೆ ದಡದ ಕಾಸರಕೋಡ ಟೊಂಕದಲ್ಲಿ ಹೊಸ ಖಾಸಗಿ ಬಂದರಿನ ಯೋಜನೆ ಬಂದಾಗ, ಮರಳ ಮೇಲೆ ಮೀನು ಒಣಗಿಸುವ ಜನ ಅದನ್ನು ವಿರೋಧಿಸಿದರು. ಬಂದರಾದರೆ ಊರು ಬೆಳೆಯುವುದೆಂದು ಯೋಜನೆಯ ಪರವಾದವರ ವಾದ. ಆ ಬೆಳೆದ ಊರಿನಲ್ಲಿ ತಮಗೆ ದಡ ಉಳಿಯುವುದೇ ಎಂಬುದು ಅವರ ಪ್ರಶ್ನೆ.