ಪಿಟ್ಯುಟರಿ ಶಸ್ತ್ರಕ್ರಿಯೆ: ಎರಡು ಅಪಧಮನಿಗಳ ನಡುವಿನ ಇಕ್ಕಟ್ಟಿನ ದಾರಿ

ತೂಕ ಸುಮಾರು ಅರ್ಧ ಗ್ರಾಮ್, ಗಾತ್ರ ಬಟಾಣಿ ಕಾಳಿನಷ್ಟು. ಆದರೂ ದೇಹದ ಬೆಳವಣಿಗೆಯಿಂದ ಹಿಡಿದು ಥೈರಾಯಿಡ್‌ನಂಥ ಇತರ ಗ್ರಂಥಿಗಳ ಕೆಲಸದವರೆಗೆ ಎಲ್ಲದರ ಮೇಲೂ ಪಿಟ್ಯುಟರಿಯ ಹಿಡಿತವಿದೆ. ನಿರ್ನಾಳ ಗ್ರಂಥಿಗಳ ನಾಯಕ ಎಂದು ವಿದ್ಯಾರ್ಥಿಗಳು ಓದಿರುತ್ತಾರೆ. ಈ ನಾಯಕ ಕುಳಿತಿರುವ ಜಾಗ ಎಂಥ ಇಕ್ಕಟ್ಟಿನದು ಎಂಬುದು ಮಾತ್ರ ಪಾಠದಲ್ಲಿ ಅಷ್ಟಾಗಿ ಬರುವುದಿಲ್ಲ.

ಮೂಗಿನ ಹಿಂದೆ, ತಲೆಬುರುಡೆಯ ತಳದಲ್ಲಿ, ಸ್ಫೀನಾಯಿಡ್ ಎಂಬ ಮೂಳೆಯ ಮೇಲೆ ಕುದುರೆಯ ಜೀನಿನಂಥ ಒಂದು ತಗ್ಗು ಇದೆ. ಅದೇ ಪಿಟ್ಯುಟರಿಯ ಆಸನ. ಅದರ ಮೇಲೆ ಕಣ್ಣಿನ ನರಗಳು ಒಂದನ್ನೊಂದು ಹಾಯುತ್ತವೆ. ಎಡಬಲಗಳಲ್ಲಿ ಮಿದುಳಿಗೆ ರಕ್ತ ಒಯ್ಯುವ ಕೆರಾಟಿಡ್ ಅಪಧಮನಿಗಳು ಹಾವಿನಂತೆ ಬಳುಕಿ ಸಾಗುತ್ತವೆ. ಕೆಲವರಲ್ಲಿ ಇವೆರಡರ ನಡುವಿನ ಅಂತರ 4 ಮಿಲಿಮೀಟರಿನಷ್ಟು ಕಡಿಮೆ ಇರುವುದುಂಟು. ಅವನ್ನು ಮುಚ್ಚುವ ಮೂಳೆಯೂ ಬಹಳ ತೆಳು. ಕೆಲವರಲ್ಲಿ ಅಲ್ಲಲ್ಲಿ ಮೂಳೆಯೇ ಇರುವುದಿಲ್ಲ.

ಪಿಟ್ಯುಟರಿಯಲ್ಲಿ ಬೆಳೆಯುವ ಗೆಡ್ಡೆಗಳು ಬಹುಪಾಲು ಕ್ಯಾನ್ಸರ್ ಅಲ್ಲ. ಆದರೆ ಅವು ಕಣ್ಣಿನ ನರವನ್ನು ಒತ್ತಿ ಪಕ್ಕದ ನೋಟವನ್ನು ಕುಗ್ಗಿಸಬಹುದು. ಬೆಳವಣಿಗೆಯ ಹಾರ್ಮೋನನ್ನು ಅತಿಯಾಗಿ ಸುರಿಸಿ ಕೈಕಾಲು, ದವಡೆಗಳನ್ನು ದಪ್ಪಗಾಗಿಸಬಹುದು. ಆಗ ಅನೇಕ ರೋಗಿಗಳಿಗೆ ಶಸ್ತ್ರಕ್ರಿಯೆ ಅನಿವಾರ್ಯ.

ಮೂಗಿನ ಮೂಲಕ ದಾರಿ

1907ರಲ್ಲಿ ಆಸ್ಟ್ರಿಯದ ಇನ್ಸ್‌ಬ್ರುಕ್‌ನಲ್ಲಿ ಹರ್ಮನ್ ಶ್ಲಾಫರ್ ಮೊದಲ ಬಾರಿಗೆ ಮೂಗಿನ ಮಾರ್ಗವಾಗಿ ಪಿಟ್ಯುಟರಿಯನ್ನು ತಲುಪಿದರು. ಅಮೆರಿಕದ ಹಾರ್ವೆ ಕುಶಿಂಗ್ ಈ ವಿಧಾನವನ್ನು ಸುಧಾರಿಸಿದರೂ ಮುಂದೆ ಅದನ್ನು ಕೈಬಿಟ್ಟು ತಲೆಬುರುಡೆ ತೆರೆಯುವ ಕ್ರಮಕ್ಕೆ ಹೊರಳಿದರು. 1960ರ ದಶಕದಲ್ಲಿ ಮಾಂಟ್ರಿಯಲ್‌ನ ಜೂಲ್ಸ್ ಹಾರ್ಡಿ ಸೂಕ್ಷ್ಮದರ್ಶಕವನ್ನು ಬಳಸಿದ ಮೇಲೆ ಮೂಗಿನ ದಾರಿಗೆ ಮತ್ತೆ ಬೆಲೆ ಬಂತು. 1990ರ ದಶಕದಿಂದ ಈಚೆಗೆ ಎಂಡೋಸ್ಕೋಪ್ ಎಂಬ ತೆಳು ಕೊಳವೆ ಒಳಗಿನ ದೃಶ್ಯವನ್ನು ಪರದೆಯ ಮೇಲೆ ತೋರಿಸುತ್ತಿದೆ.

ದೃಶ್ಯ ಎಷ್ಟೇ ಸ್ಪಷ್ಟವಾದರೂ ಅಪಧಮನಿ ಇರುವ ಜಾಗ ಬದಲಾಗುವುದಿಲ್ಲವಷ್ಟೆ. ಅನುಭವಿಗಳ ಕೈಯಲ್ಲಿ ಕೆರಾಟಿಡ್‌ಗೆ ಗಾಯವಾಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಆದಾಗ ಪ್ರಾಣಕ್ಕೇ ಕುತ್ತು, ಇಲ್ಲವೆ ಪಾರ್ಶ್ವವಾಯು. ಹಿಂದೆ ಶಸ್ತ್ರಕ್ರಿಯೆಯನ್ನೋ ವಿಕಿರಣ ಚಿಕಿತ್ಸೆಯನ್ನೋ ಪಡೆದವರಲ್ಲಿ ಅಪಾಯ ಹೆಚ್ಚು. ಬೆಳವಣಿಗೆಯ ಹಾರ್ಮೋನು ಅತಿಯಾದವರಲ್ಲಿ ಈ ನಾಳಗಳೇ ಹಿಗ್ಗಿ ಸೊಟ್ಟಗಾಗಿರುವುದರಿಂದ ಅವರಲ್ಲೂ ಎಚ್ಚರ ಬೇಕು.

ರೈಲಿನ ಸೀಟಿಯ ತತ್ತ್ವ

ಆದ್ದರಿಂದ ಮೊದಲ ರಕ್ಷಣೆ ನಕ್ಷೆ. ಎಂಆರ್‌ಐ ಮತ್ತು ಸಿಟಿ ಚಿತ್ರಗಳಲ್ಲಿ ನಾಳಗಳ ಹಾದಿಯನ್ನು ವೈದ್ಯರು ಮೊದಲೇ ಗುರುತಿಸಿಕೊಳ್ಳುತ್ತಾರೆ. ಗ್ರಂಥಿಯ ಹೊದಿಕೆಯನ್ನು ಕತ್ತರಿಸುವ ಮುನ್ನ ಪುಟ್ಟ ಡಾಪ್ಲರ್ ಸಲಾಕೆಯನ್ನು ಅಲ್ಲಿ ತಾಗಿಸಿ ಆಲಿಸುವುದೂ ಉಂಟು. ಹತ್ತಿರ ಬರುವ ರೈಲಿನ ಸೀಟಿ ಕೀರಲಾಗಿಯೂ ದೂರ ಸರಿಯುವಾಗ ಅದೇ ಸೀಟಿ ತಗ್ಗಿದ ಸ್ವರದಲ್ಲಿಯೂ ಕೇಳಿಸುತ್ತದೆ. ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ವಿವರಿಸಿದ ಈ ಪರಿಣಾಮದಿಂದಲೇ ಹರಿಯುವ ರಕ್ತದ ಸುಳಿವು ಸಿಗುತ್ತದೆ.

ರಕ್ತ ಚಿಮ್ಮಿದಾಗ

ಇಷ್ಟಾದರೂ ನಾಳ ಹರಿದರೆ? ಕ್ಷಣಾರ್ಧದಲ್ಲಿ ಪರದೆ ಕೆಂಪಾಗುತ್ತದೆ. ಒಬ್ಬ ವೈದ್ಯ ರಕ್ತವನ್ನು ಹೀರಿ ನೋಟವನ್ನು ಉಳಿಸಬೇಕು, ಇನ್ನೊಬ್ಬರು ಗಾಯವನ್ನು ಒತ್ತಿ ಹಿಡಿಯಬೇಕು. ರೋಗಿಯ ದೇಹದಿಂದಲೇ, ಸಾಮಾನ್ಯವಾಗಿ ತೊಡೆಯಿಂದ, ತೆಗೆದ ಸ್ನಾಯುವಿನ ತುಣುಕನ್ನು ಜಜ್ಜಿ ಗಾಯದ ಮೇಲಿಟ್ಟು ಹಲವು ನಿಮಿಷ ಅದುಮಿದರೆ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಅರಿವಳಿಕೆ ತಜ್ಞರು ಹೊಸ ರಕ್ತ ಕೊಟ್ಟು ರಕ್ತದೊತ್ತಡ ಕುಸಿಯದಂತೆ ಕಾಯುತ್ತಾರೆ. ಒತ್ತಡ ಇಳಿದರೆ ಮಿದುಳಿಗೆ ರಕ್ತ ಸಾಲದು.

ಬಳಿಕ ತಡಮಾಡದೆ ಆಂಜಿಯೋಗ್ರಾಂ. ತೊಡೆ ಅಥವಾ ಮಣಿಕಟ್ಟಿನ ಅಪಧಮನಿಯಿಂದ ತೂರಿಸಿದ ತೆಳು ನಳಿಕೆಯ ಮೂಲಕ ಗಾಯವನ್ನು ಪತ್ತೆಹಚ್ಚಿ, ಲೋಹದ ಜಾಲರಿಯ ಸ್ಟೆಂಟ್‌ನಿಂದ ಒಳಗಿನಿಂದಲೇ ಮುಚ್ಚುವುದುಂಟು. ಕೆಲವೊಮ್ಮೆ ಆ ನಾಳವನ್ನೇ ಪೂರ್ತಿ ಮುಚ್ಚಬೇಕಾಗುತ್ತದೆ. ಮಿದುಳಿನ ತಳದಲ್ಲಿ ಅಪಧಮನಿಗಳು ಬಳೆಯಂತೆ ಕೂಡಿಕೊಂಡಿವೆ. 1664ರಲ್ಲಿ ಥಾಮಸ್ ವಿಲ್ಲಿಸ್ ವಿವರಿಸಿದ ಆ ಬಳೆ ಚೆನ್ನಾಗಿದ್ದರೆ ಇನ್ನೊಂದು ಬದಿಯ ರಕ್ತ ಇತ್ತ ಹರಿದುಬರುತ್ತದೆ. ಅದು ಸಾಕೇ ಎಂಬುದನ್ನು, ಸಮಯವಿದ್ದರೆ, ನಾಳದೊಳಗೆ ಪುಟ್ಟ ಬಲೂನು ಉಬ್ಬಿಸಿ ಪರೀಕ್ಷಿಸುತ್ತಾರೆ.

ಕುರಿಗಳಿಂದ ಕಲಿತ ಪಾಠ

ಅಪರೂಪದ ಅವಘಡವನ್ನು ಎದುರಿಸಲು ಕಲಿಯುವುದು ಹೇಗೆ? ಆಸ್ಟ್ರೇಲಿಯದ ಅಡಿಲೇಡ್‌ನಲ್ಲಿ ಪೀಟರ್-ಜಾನ್ ವರ್ಮಾಲ್ಡ್ ಅವರ ತಂಡ ಅರಿವಳಿಕೆ ನೀಡಿದ ಕುರಿಗಳ ಕೆರಾಟಿಡ್‌ನಲ್ಲಿ ಇಂಥ ರಕ್ತಸ್ರಾವವನ್ನು ಉಂಟುಮಾಡಿ ಶಸ್ತ್ರವೈದ್ಯರಿಗೆ ತರಬೇತಿ ಕೊಟ್ಟಿತು. ಜಜ್ಜಿದ ಸ್ನಾಯುವಿನ ಪರಿಣಾಮ ಅಲ್ಲಿ ಚೆನ್ನಾಗಿ ಸಾಬೀತಾಯಿತು. ಮುಂಚಿತವಾಗಿ ಅಭ್ಯಾಸ ಮಾಡಿದ ಕೈ ಗಾಬರಿಗೊಳ್ಳುವುದಿಲ್ಲ ಎಂಬುದು ಪರೀಕ್ಷೆಗೆ ಓದುವವರಿಗೂ ಗೊತ್ತಿರುವ ಮಾತೇ.

ಮನೆಯವರಿಗೆ ಎಚ್ಚರ

ರಕ್ತ ನಿಂತಿತೆಂದರೆ ಅಪಾಯ ಮುಗಿಯಿತೆಂದಲ್ಲ. ಗಾಯಗೊಂಡ ಗೋಡೆಯ ಬಳಿ ದಿನಗಳ ಅಥವಾ ವಾರಗಳ ನಂತರ ರಕ್ತದ ಗುಳ್ಳೆಯೊಂದು ಮೂಡಿ ಒಡೆಯಬಹುದು. ಮೊದಲ ಆಂಜಿಯೋಗ್ರಾಂ ಸರಿಯಿದ್ದರೂ ವೈದ್ಯರು ಮತ್ತೊಮ್ಮೆ ಮಾಡಿಸುವುದು ಇದಕ್ಕಾಗಿಯೇ. ಖರ್ಚಿಗೋ ದೂರಕ್ಕೋ ಹೆದರಿ ಅದನ್ನು ತಪ್ಪಿಸಬಾರದು.

ಪಿಟ್ಯುಟರಿ ಶಸ್ತ್ರಕ್ರಿಯೆಯಾದ ಮೊದಲ ಕೆಲವು ದಿನ ಮೂಗಿನಿಂದ ತುಸು ರಕ್ತ ಸೋರುವುದು ಸಹಜ. ಆದರೆ ಧಾರಾಕಾರವಾಗಿ ಸುರಿದರೆ, ಹಠಾತ್ತನೆ ವಿಪರೀತ ತಲೆನೋವು ಬಂದರೆ, ಕೈಕಾಲು ಸೋತರೆ ಉಷ್ಣವೆಂದೋ ಸುಸ್ತೆಂದೋ ಮನೆಮದ್ದು ಮಾಡುತ್ತ ಕೂರಬಾರದು. ವಾರಗಳು ಕಳೆದಿದ್ದರೂ ಸರಿಯೆ, ಆ ಕೂಡಲೇ ಆಸ್ಪತ್ರೆಗೆ ಕರೆದೊಯ್ದು, ಆಗಿರುವ ಶಸ್ತ್ರಕ್ರಿಯೆಯ ವಿಷಯವನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ಶಸ್ತ್ರಕ್ರಿಯೆಯ ಕೋಣೆಯಲ್ಲಿ ಉಳಿದ ಜೀವವನ್ನು ಕಾಪಾಡುವ ಹೊಣೆ ಅಲ್ಲಿಂದ ಮುಂದೆ ಮನೆಯವರದೂ ಹೌದು.