ಗೋಧಿ ಒಗ್ಗದವರಿಗೆ ಒತ್ತುಶಾವಿಗೆ

ಗೋಧಿಹಿಟ್ಟನ್ನು ನೀರು ಬೆರೆಸಿ ನಾದಿದಾಗ ಉಂಟಾಗುವ ಜಿಗುಟಾದ ಸಾರಜನಕ ಪದಾರ್ಥಕ್ಕೆ ಗ್ಲುಟೆನ್ ಎಂದು ಹೆಸರು. ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿಯೂ ಇದೇ ಬಗೆಯ ಪದಾರ್ಥವುಂಟು. ಬಹುಮಂದಿಗೆ ಇದರಿಂದ ಬಾಧಕವಿಲ್ಲ. ಆದರೆ ಸೀಲಿಯಾಕ್ ಎಂಬ ರೋಗವುಳ್ಳವರಲ್ಲಿ ಇದು ಸಣ್ಣ ಕರುಳಿನ ಒಳಪದರವನ್ನು ಕೆಡಿಸುವುದು. ಉಂಡದ್ದು ಮೈಗೆ ಹತ್ತದೆ ಮಕ್ಕಳು ಸೊರಗುವರು. ಭೇದಿ, ಹೊಟ್ಟೆಯುಬ್ಬರ, ರಕ್ತಹೀನತೆಗಳು ಕಾಣಿಸಿಕೊಳ್ಳುವುವು. ಗೋಧಿ, ಬಾರ್ಲಿ, ರೈಗಳನ್ನು ಜೀವಮಾನಪರ್ಯಂತ ವರ್ಜಿಸುವುದೇ ಇದಕ್ಕೆ ಚಿಕಿತ್ಸೆ. ಈ ರೋಗವು ಉತ್ತರ ಭಾರತದಲ್ಲಿ ಹೆಚ್ಚು, ದಕ್ಷಿಣದಲ್ಲಿ ಕಡಿಮೆ; ಆದರೆ ಇಲ್ಲಿ ಇಲ್ಲವೆಂದಲ್ಲ. ಸಂಶಯವಿದ್ದಲ್ಲಿ ಗೋಧಿಯನ್ನು ಬಿಡುವುದಕ್ಕೆ ಮೊದಲೇ ವೈದ್ಯರಿಂದ ರಕ್ತಪರೀಕ್ಷೆ ಮಾಡಿಸತಕ್ಕದ್ದು. ಬಿಟ್ಟ ಮೇಲೆ ಪರೀಕ್ಷೆಯಲ್ಲಿ ರೋಗವು ಗೊತ್ತಾಗದೆ ಹೋಗಬಹುದು.

ಇಂತಹವರಿಗಾಗಿ ಪಟ್ಟಣದ ಅಂಗಡಿಗಳಲ್ಲಿ ಗ್ಲುಟೆನ್ ಇಲ್ಲದ ಪಾಸ್ತಾ ದೊರೆಯುತ್ತದೆ. ಅದರ ಬೆಲೆಯು ಸಾಧಾರಣ ಪಾಸ್ತಾಕ್ಕಿಂತ ಬಹಳ ಹೆಚ್ಚು. ಬೇಯಿಸಿದರೆ ಕೆಲವು ಬಗೆಗಳು ಹಿಟ್ಟಾಗಿ ಕರಗುವುದೂ ಉಂಟು. ನಮ್ಮ ಮನೆಗಳ ಅಕ್ಕಿಯ ಮತ್ತು ರಾಗಿಯ ಒತ್ತುಶಾವಿಗೆಯಾದರೋ ಬೆಲೆಯಲ್ಲಿ ಅಗ್ಗ, ರುಚಿಯಲ್ಲಿ ಮೇಲು.

ಎಳೆ ನಿಲ್ಲುವ ಬಗೆ:— ಗೋಧಿಯ ಎಳೆಯನ್ನು ಗ್ಲುಟೆನ್ ಹಿಡಿದು ನಿಲ್ಲಿಸುತ್ತದೆ. ಅಕ್ಕಿ, ರಾಗಿ, ಜೋಳ, ನವಣೆಗಳಲ್ಲಿ ಅದು ಇಲ್ಲ. ಆದುದರಿಂದ ಇವುಗಳ ಹಸಿಹಿಟ್ಟು ಎಳೆಯಾಗದು. ಹಿಟ್ಟನ್ನು ಬೇಯಿಸಿದರೆ ಅದರ ಪಿಷ್ಟವು ನೀರು ಹೀರಿ ಉಬ್ಬಿ ಅಂಟಾಗುವುದು. ಆರಿದ ಬಳಿಕ ಬಿಗಿಯುವುದು. ಒತ್ತುಶಾವಿಗೆಯ ಗುಟ್ಟು ಇಷ್ಟೇ.

ಮಾಡುವ ಕ್ರಮ:— ಎರಡು ಪಾಲು ನುಣ್ಣನೆಯ ರಾಗಿಹಿಟ್ಟಿಗೆ ಒಂದು ಪಾಲು ಅಕ್ಕಿಹಿಟ್ಟು ಸೇರಿಸಬೇಕು. ರಾಗಿಯೊಂದರಿಂದಲೇ ಮಾಡಿದ ಎಳೆ ಬೇಗ ತುಂಡಾಗುವುದು. ಅಳತೆಗೆ ಸುಮಾರು ಸಮನಾದ ಕುದಿಯುವ ನೀರಿಗೆ ಉಪ್ಪು ಹಾಕಿ, ಹಿಟ್ಟನ್ನು ಸುರಿದು, ಗಂಟಿಲ್ಲದಂತೆ ತಿರುವಿ, ಮುದ್ದೆ ಕಟ್ಟಿ, ಒಳಗಿನವರೆಗೂ ಬೇಯುವಂತೆ ಹಬೆಯಲ್ಲಿಡಬೇಕು. ಬಿಸಿ ಆರುವುದರೊಳಗೆ ಶಾವಿಗೆಯ ಒರಳಿನಲ್ಲಿ ಒತ್ತತಕ್ಕದ್ದು. ಆರಿದ ಮುದ್ದೆಯನ್ನು ಒತ್ತುವುದು ಕಷ್ಟ, ಎಳೆಯೂ ಒಡೆಯುವುದು. ಕಾಯಿಹಾಲು ಬೆಲ್ಲದೊಡನೆ ಅಥವಾ ಒಗ್ಗರಣೆಯೊಡನೆ ಇದು ಬಹಳ ರುಚಿಕರ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣಾಂಶವಿರುವುದರಿಂದ ಮೂಳೆ ಬಲಗುಂದಿದ ರೋಗಿಗೆ ವಿಶೇಷ ಹಿತ. ಇಡಬೇಕಾದರೆ ಶುಭ್ರವಾದ ಬಟ್ಟೆಯ ಮೇಲೆ ತೆಳುವಾಗಿ ಹರಡಿ, ಮುರಿದರೆ ಚಟ್ಟನೆ ಮುರಿಯುವಷ್ಟು ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬತಕ್ಕದ್ದು.

ಮುಖ್ಯವಾದ ಎಚ್ಚರಿಕೆ:— ರಾಗಿಯಲ್ಲಿ ಗ್ಲುಟೆನ್ ಇಲ್ಲವೆಂದು ಎಲ್ಲ ರಾಗಿಹಿಟ್ಟೂ ನಿರಪಾಯವಲ್ಲ. ಗೋಧಿ ಬೀಸಿದ ಗಿರಣಿಯಲ್ಲಿಯೇ ರಾಗಿ ಬೀಸಿದರೆ ಕಲ್ಲಿಗಂಟಿದ ಗೋಧಿಹಿಟ್ಟು ಇದಕ್ಕೆ ಸೇರುವುದು. ರೋಗಿಗೆ ಈ ಅಲ್ಪಾಂಶವೂ ಸಾಕು; ಮನೆಯವರು ಪಥ್ಯವನ್ನು ಎಷ್ಟು ನಿಷ್ಠೆಯಿಂದ ನಡೆಸಿದರೂ ಮಗು ಚೇತರಿಸಿಕೊಳ್ಳದು. ಗಿರಣಿಯನ್ನು ಗುಡಿಸಿದ ಮಾತ್ರಕ್ಕೆ ದೋಷ ಹೋಗದು. ಬೇರೆ ಬೀಸುಕಲ್ಲೇ ಕ್ಷೇಮ. ಕಣ, ಮೊರ, ಜರಡಿ, ಚೀಲಗಳೂ ಬೇರೆಯಿರಬೇಕು. ಸದಕ ಗೋಧಿ ಸಾಧುವೆಂಬ ನಂಬಿಕೆ ತಪ್ಪು. ರವೆ, ಮೈದಾಗಳಂತೆ ಅದೂ ವರ್ಜ್ಯ. ಒಗ್ಗರಣೆಯ ಇಂಗಿಗೂ ಅನೇಕ ವೇಳೆ ಗೋಧಿಹಿಟ್ಟು ಬೆರೆತಿರುವುದು.

ಗ್ರಾಮಪ್ರಮುಖರ ಕರ್ತವ್ಯ:— ರಾಗಿ ಬೆಳೆಯುವ ಊರಿನಲ್ಲಿ ಸಿರಿಧಾನ್ಯಗಳಿಗೇ ಮೀಸಲಾದ ಒಂದು ಗಿರಣಿಯನ್ನು ಭೂಮಾಲೀಕರು ಕೂಡಿ ನಡೆಸಿದರೆ ಊರಿನ ರೋಗಿಗಳಿಗೆ ನೆರವು, ಬೆಳೆಗಾರರಿಗೆ ಲಾಭ. ಆದರೆ ಮಾರುವಾಗ ‘ಗ್ಲುಟೆನ್ ರಹಿತ’ವೆಂದು ಚೀಟಿ ಹಚ್ಚಬೇಕಾದರೆ ಕಾನೂನಿನಂತೆ ಕಿಲೋಗ್ರಾಮಿಗೆ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇರಕೂಡದು. ಪರೀಕ್ಷೆ ಮಾಡಿಸದೆ ಆ ಮಾತನ್ನು ಬರೆಯುವುದು ಅಪರಾಧ ಮಾತ್ರವಲ್ಲ, ನಂಬಿ ಕೊಂಡವರ ಮಗುವಿಗೆ ಮಾಡಿದ ಕೇಡೂ ಹೌದು. ಊರಿನಲ್ಲಿ ಇಂತಹ ಮಗು ಒಂದೇ ಇದ್ದರೂ ಅದಕ್ಕಾಗಿ ಒಂದು ಬೀಸುಕಲ್ಲನ್ನು ಬೇರೆಯಿಡುವುದು ಹೆಚ್ಚಿನ ಖರ್ಚಲ್ಲ.