ಪೆಟ್ಟಿಗೆಯಲ್ಲಿ ನಷ್ಟ, ಜಾಹೀರಾತಿನಲ್ಲಿ ಲಾಭ

ಅಂತರಜಾಲದ ಚಿತ್ರಗಳನ್ನು ಟಿ.ವಿ.ಗೆ ತಲುಪಿಸುವ ಪೆಟ್ಟಿಗೆಯೊಂದಕ್ಕೆ 2007ರಲ್ಲಿ ಅಮೆರಿಕದ ಆಪಲ್ ಸಂಸ್ಥೆ ನಿಗದಿಪಡಿಸಿದ ಬೆಲೆ 299 ಡಾಲರ್. ಮರುವರ್ಷ ರೋಕು ಸಂಸ್ಥೆಯು ಸುಮಾರು 100 ಡಾಲರಿಗೆ ತನ್ನ ಪೆಟ್ಟಿಗೆಯನ್ನು ತಂದಿತು. 2010ರಲ್ಲಿ ಆಪಲ್ ಕೂಡ 99ಕ್ಕೆ ಇಳಿಯಿತು. 2013ರಲ್ಲಿ ಗೂಗಲ್‌ನ ಕ್ರೋಮ್‌ಕಾಸ್ಟ್ ಬಂದದ್ದು ಕೇವಲ 35 ಡಾಲರಿಗೆ.

ಇಷ್ಟು ಅಗ್ಗದಲ್ಲಿ ಮಾರಿ ಉಳಿಯುವುದೆಂತು? ರೋಕು ಸಂಸ್ಥೆಯ ಲೆಕ್ಕಪತ್ರಗಳೇ ಇದಕ್ಕೆ ಉತ್ತರ. ಜಾಹೀರಾತು, ಚಂದಾ ಹಣದಲ್ಲಿ ಪಾಲು, ರಿಮೋಟಿನಲ್ಲಿ ಚಾನೆಲ್ಲುಗಳ ಹೆಸರು ಹೊತ್ತ ಗುಂಡಿಗಳಿಗೂ ಶುಲ್ಕ! 2018ರಲ್ಲಿ ಈ ಬಾಬಿನ ಆದಾಯವು ಪೆಟ್ಟಿಗೆಗಳ ಮಾರಾಟವನ್ನು ಮೀರಿತು. 2023ರ 348 ಕೋಟಿ ಡಾಲರ್ ವರಮಾನದಲ್ಲಿ ಸಾಧನಗಳ ಪಾಲು 49 ಕೋಟಿಯಷ್ಟೇ, ಅದೂ ನಷ್ಟದ ವ್ಯಾಪಾರ.

ಹೀಗಿರುವಲ್ಲಿ ಪೆಟ್ಟಿಗೆಯನ್ನಷ್ಟೇ ತಯಾರಿಸಿ ಮಾರುವ ಸಣ್ಣ ಉದ್ಯಮಿಯು ಬೆಲೆಯಲ್ಲಿ ಸೆಣಸುವುದು ದುಸ್ತರ. ವಾಲ್‌ಮಾರ್ಟ್ ಸಂಸ್ಥೆಯು 2024ರಲ್ಲಿ 230 ಕೋಟಿ ಡಾಲರ್ ತೆತ್ತು ಟಿ.ವಿ. ತಯಾರಕ ವಿಜಿಯೊವನ್ನು ಕೊಂಡದ್ದೂ ಮುಖ್ಯವಾಗಿ ಅದರ ಜಾಹೀರಾತು ವ್ಯವಹಾರಕ್ಕಾಗಿಯೇ.